ಮರದ ಮೇಲಿನ ಅಡಿಕೆ, ಮಂಡಿಯಿಂದ ಬಂದ ಹಣ: ಖಾಸಗಿ ಈಕ್ವಿಟಿ ನಿಧಿಯ ಲೆಕ್ಕ ಓದುವುದು ಹೇಗೆ?

ತೀರ್ಥಹಳ್ಳಿ ಕಡೆ ಅಡಿಕೆ ತೋಟ ಮಾಡಿಕೊಂಡಿರುವ ನನ್ನ ಸೋದರಮಾವ ಕಳೆದ ವರ್ಷ ಬೆಂಗಳೂರಿನಲ್ಲಿದ್ದ ನಿವೇಶನವೊಂದನ್ನು ಮಾರಿದರು. ಹಣ ಖಾತೆಗೆ ಬಿದ್ದ ವಾರದೊಳಗೆ ಬ್ಯಾಂಕಿನ ಅಧಿಕಾರಿಯೊಬ್ಬರು ಮನೆಗೇ ಬಂದು, ನುಣುಪಾದ ಕಾಗದದ ಪುಸ್ತಿಕೆಯೊಂದನ್ನು ಕೊಟ್ಟು ಹೋದರು. ಏಷ್ಯಾದ ಬೆಳೆಯುತ್ತಿರುವ ಕಂಪನಿಗಳಲ್ಲಿ ಹಣ ತೊಡಗಿಸುವ ನಿಧಿ. ಕನಿಷ್ಠ ಹೂಡಿಕೆ ಒಂದು ಕೋಟಿ ರೂಪಾಯಿ. ಹಿಂದಿನ ನಿಧಿಯ ವಾರ್ಷಿಕ ಗಳಿಕೆ ಶೇ 24. ಮಾವ ಫೋನ್ ಮಾಡಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಈ ಇಪ್ಪತ್ತನಾಲ್ಕು ಅನ್ನುವುದು ಮಂಡಿಯಲ್ಲಿ ಮಾರಿ ಬಂದ ಹಣವೋ, ಮರದ ಮೇಲಿರುವ ಅಡಿಕೆಗೆ ಹಾಕಿದ ಲೆಕ್ಕವೋ?"

ಈ ವ್ಯವಹಾರದ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆಯೇ ಅದು. ಕೊಳೆ ರೋಗ ಬಂದ ವರ್ಷ ಮರದ ಮೇಲಿನ ಲೆಕ್ಕ ಏನಾಗುತ್ತದೆ ಎಂದು ಮಲೆನಾಡಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಇಂಥ ಪುಸ್ತಿಕೆ ನಿಮ್ಮ ಕೈಗೂ ಬಂದಿದ್ದರೆ, ಸಹಿ ಹಾಕುವ ಮುನ್ನ ಈ ಕ್ರಮದಲ್ಲಿ ಓದಿ ನೋಡಿ.

ಹಂತ 1: ಇದು ಏನು ಎಂದು ಗುರುತಿಸಿ

ಷೇರುಪೇಟೆಯಲ್ಲಿ ಇಲ್ಲದ ಕಂಪನಿಗಳ ಪಾಲನ್ನು ಕೊಂಡು, ಕೆಲವು ವರ್ಷ ಬೆಳೆಸಿ, ಹೆಚ್ಚಿನ ಬೆಲೆಗೆ ಮಾರುವುದು ಖಾಸಗಿ ಈಕ್ವಿಟಿ. ಕೆಲವೊಮ್ಮೆ ಪೇಟೆಯಲ್ಲಿರುವ ಕಂಪನಿಯನ್ನೇ ಇಡಿಯಾಗಿ ಕೊಂಡು ಹೊರತರುವುದೂ ಉಂಟು. ಭಾರತದಲ್ಲಿ ಇಂಥ ನಿಧಿಗಳು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ 2012ರ ಪರ್ಯಾಯ ಹೂಡಿಕೆ ನಿಧಿ ನಿಯಮಗಳ ಅಡಿ ಬರುತ್ತವೆ. ರೂಢಿಯಲ್ಲಿ ಇವುಗಳ ಹೆಸರು ಎಐಎಫ್. ಮೂರು ವರ್ಗಗಳಿವೆ; ಖಾಸಗಿ ಈಕ್ವಿಟಿ ನಿಧಿಗಳು ಸಾಮಾನ್ಯವಾಗಿ ಎರಡನೆಯ ವರ್ಗಕ್ಕೆ ಸೇರುತ್ತವೆ. ಪುಸ್ತಿಕೆಯಲ್ಲಿ ನೋಂದಣಿ ಸಂಖ್ಯೆ ಹುಡುಕಿ, ಸೆಬಿಯ ಜಾಲತಾಣದ ಪಟ್ಟಿಯಲ್ಲಿ ಅದು ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಮುಂದಿನ ಹಂತಗಳನ್ನು ಓದುವ ಅಗತ್ಯವೇ ಇಲ್ಲ.

ನಿಜವಾದ ದಾಖಲೆ ಆ ಪುಸ್ತಿಕೆಯಲ್ಲ. ಪಿಪಿಎಂ ಎಂದು ಕರೆಯುವ ದಪ್ಪ ಮಾಹಿತಿ ಪತ್ರ ಬೇರೆ ಇರುತ್ತದೆ, ಅದನ್ನು ಕೇಳಿ ಪಡೆಯಿರಿ. ಕೊಡಲು ಹಿಂಜರಿಯುವವರ ಬಳಿ ಹಣ ಇಡುವುದು ಬೇಡ.

ಹಂತ 2: ಈಗ ನಿಮ್ಮ ಮನೆಗೇಕೆ ಬಂದರು ಎಂದು ಕೇಳಿಕೊಳ್ಳಿ

ಹತ್ತು ವರ್ಷದ ಹಿಂದೆ ಈ ನಿಧಿಗಳು ಮಾವನಂಥವರ ಅಂಗಳಕ್ಕೆ ಬರುತ್ತಿದ್ದುದು ಅಪರೂಪ. ಪಿಂಚಣಿ ನಿಧಿಗಳು, ವಿಮಾ ಕಂಪನಿಗಳು, ಸಿಂಗಪುರದ ಸರ್ಕಾರಿ ಹೂಡಿಕೆ ಸಂಸ್ಥೆ ಟೆಮಾಸೆಕ್, ಅಬುಧಾಬಿಯ ಸರ್ಕಾರಿ ನಿಧಿ, ಹೆಚ್ಚಾಗಿ ಇಂಥವರ ಹಣದಲ್ಲಿ ಅವು ನಡೆಯುತ್ತಿದ್ದವು. ಬದಲಾವಣೆಯ ಮೂಲ ತಿಳಿಯಲು ಚೀನಾದಿಂದ ಆರಂಭಿಸಬೇಕು.

2020ರ ನವೆಂಬರ್‌ನಲ್ಲಿ ಅಲಿಬಾಬಾ ನಂಟಿನ ಹಣಪಾವತಿ ಕಂಪನಿ ಆಂಟ್ ಗ್ರೂಪ್ ಶಾಂಘೈ ಮತ್ತು ಹಾಂಗ್‌ಕಾಂಗ್ ಪೇಟೆಗಳಿಗೆ ಕಾಲಿಡಲು ಎರಡು ದಿನ ಬಾಕಿ ಇತ್ತು. ಜಗತ್ತಿನ ಅತಿ ದೊಡ್ಡ ಐಪಿಒ (ಕಂಪನಿ ಮೊದಲ ಬಾರಿಗೆ ಜನರಿಗೆ ಷೇರು ಮಾರಿ ಪೇಟೆ ಸೇರುವುದು) ಆಗಬೇಕಿದ್ದ ಅದನ್ನು ಚೀನಾದ ಅಧಿಕಾರಿಗಳು ತಡೆದರು. ಮರುವರ್ಷ ಅಮೆರಿಕದ ಪೇಟೆ ಸೇರಿದ ಕೆಲವೇ ದಿನಗಳಲ್ಲಿ ಚೀನಾದ ಟ್ಯಾಕ್ಸಿ ಸೇವೆಯ ಡಿಡಿ ಕಂಪನಿಯ ಮೇಲೆ ಅಲ್ಲಿನ ಅಧಿಕಾರಿಗಳ ತನಿಖೆ ಆರಂಭವಾಯಿತು. 2022ರಲ್ಲಿ ಅದು ಅಮೆರಿಕದ ಪೇಟೆಯಿಂದ ಹೊರಬಿತ್ತು. ಏಷ್ಯಾದ ಖಾಸಗಿ ಈಕ್ವಿಟಿಗೆ ಚೀನಾ ಅತಿ ದೊಡ್ಡ ಹೊಲವಾಗಿತ್ತು. ಬಿತ್ತಲು ಯಾರೂ ತಡೆಯಲಿಲ್ಲ, ಕೊಯ್ದ ಫಸಲನ್ನು ಸಾಗಿಸುವ ದಾರಿಯೇ ಮುಚ್ಚಿತು. ಕೆಲವೇ ತಿಂಗಳಲ್ಲಿ ಅಮೆರಿಕದಲ್ಲಿ ಬಡ್ಡಿ ದರವೂ ಏರಿತು. ಹಳೆಯ ಹೂಡಿಕೆ ಮಾರಿ ಹಣ ಹಿಂದಿರುಗಿಸುವುದು ತಡವಾಯಿತು. ಹಳೆಯದು ಬಾರದೆ ಹೊಸದನ್ನು ಕೊಡಲು ದೊಡ್ಡ ಸಂಸ್ಥೆಗಳು ಹಿಂದೆ ಸರಿದವು.

ಆಗ ಎರಡು ಬೆಳವಣಿಗೆಗಳು ಒಟ್ಟಿಗೇ ಆದವು. ಹಣ ಜಪಾನ್ ಮತ್ತು ಭಾರತದತ್ತ ಹರಿಯಿತು. ಟೋಕಿಯೊ ಷೇರುಪೇಟೆ 2023ರ ಮಾರ್ಚ್‌ನಲ್ಲಿ ಕಂಪನಿಗಳಿಗೆ, 'ನಿಮ್ಮ ಷೇರಿನ ಬೆಲೆ ಏಕಿಷ್ಟು ಕೆಳಗಿದೆ, ಬಂಡವಾಳವನ್ನು ಹೇಗೆ ದುಡಿಸುತ್ತೀರಿ' ಎಂಬುದಕ್ಕೆ ಲೆಕ್ಕ ಕೊಡಲು ಹೇಳಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಪೇಟೆಯಲ್ಲಿದ್ದ ತೋಷಿಬಾ, ಸುಮಾರು 2 ಲಕ್ಷ ಕೋಟಿ ಯೆನ್‌ಗೆ ಜಪಾನಿನದೇ ಖಾಸಗಿ ಈಕ್ವಿಟಿ ಕೂಟದ ಪಾಲಾಗಿ ಪೇಟೆಯಿಂದ ಹೊರನಡೆಯಿತು. ಎರಡನೆಯದು, ನಿಧಿಗಳು ಶ್ರೀಮಂತ ವ್ಯಕ್ತಿಗಳ ಕಡೆ ತಿರುಗಿದವು. ಹಾಂಗ್‌ಕಾಂಗ್‌ನಲ್ಲಿ, ಸಿಂಗಪುರದಲ್ಲಿ, ಅಲ್ಲಿ ನೆಲೆಸಿರುವ ನಮ್ಮವರಿಗೂ ಇಂಥ ಕರೆಗಳು ಬರುತ್ತಿವೆ. ನಿಮ್ಮ ಮನೆಗೆ ಬಂದ ಅಧಿಕಾರಿ ಈ ಸರಪಳಿಯ ಕೊನೆಯ ಕೊಂಡಿ. ಇದು ಮೋಸವೆಂದು ನಾನು ಹೇಳುತ್ತಿಲ್ಲ; ದೊಡ್ಡವರು ಬೇಡವೆಂದ ಕಾರಣವನ್ನು ಅರಿತೇ ಕೊಳ್ಳಬೇಕು ಎನ್ನುತ್ತಿದ್ದೇನೆ.

ಹಂತ 3: ಕೈಗೆ ಬಂದ ಹಣವನ್ನು ಬೇರೆ ಮಾಡಿ

ಈ ಹಂತಕ್ಕೆ ಒಂದು ಸಂಜೆಯನ್ನೇ ಮೀಸಲಿಡಿ. ಹಿಂದಿನ ನಿಧಿಗಳ ಸಾಧನೆಯ ಪಟ್ಟಿಯಲ್ಲಿ ಮೂರು ಅಂಕಿಗಳಿರುತ್ತವೆ: ಐಆರ್‌ಆರ್ (ಹಣ ಹೋದ, ಬಂದ ದಿನಗಳನ್ನು ಲೆಕ್ಕಕ್ಕೆ ಹಿಡಿದ ವಾರ್ಷಿಕ ಗಳಿಕೆಯ ದರ), ಟಿವಿಪಿಐ, ಡಿಪಿಐ. ಪುಸ್ತಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಇರುವುದು ಮೊದಲನೆಯದು. ನೀವು ಹುಡುಕಬೇಕಾದ್ದು ಕೊನೆಯದನ್ನು.

ಹೂಡಿಕೆದಾರರು ಒಟ್ಟು 100 ರೂಪಾಯಿ ಕೊಟ್ಟಿದ್ದಾರೆ ಎನ್ನಿ. ಈವರೆಗೆ 40 ರೂಪಾಯಿ ಅವರ ಬ್ಯಾಂಕ್ ಖಾತೆಗೆ ಹಿಂದಿರುಗಿದೆ. ಇನ್ನೂ ಮಾರದ ಕಂಪನಿಗಳ ಬೆಲೆ 130 ಎಂದು ಅಂದಾಜು ಮಾಡಲಾಗಿದೆ. ಎರಡನ್ನೂ ಕೂಡಿಸಿ 100ರಿಂದ ಭಾಗಿಸಿದರೆ 1.7, ಅದು ಟಿವಿಪಿಐ. ಖಾತೆಗೆ ಬಂದದ್ದನ್ನು ಮಾತ್ರ ಭಾಗಿಸಿದರೆ 0.4, ಅದು ಡಿಪಿಐ. ಮೊದಲನೆಯದು ಮರದ ಮೇಲಿನ ಅಡಿಕೆಯನ್ನೂ ಎಣಿಸುತ್ತದೆ, ಎರಡನೆಯದು ಮಂಡಿಯಿಂದ ಮನೆಗೆ ಬಂದದ್ದನ್ನು ಮಾತ್ರ. ಎರಡು ವರ್ಷದ ನಿಧಿಯಲ್ಲಿ ಡಿಪಿಐ ಸೊನ್ನೆಯ ಹತ್ತಿರ ಇದ್ದರೆ ಅದು ಸಹಜ. ತೋಟ ಇನ್ನೂ ಎಳೆಯದು. ಏಳೆಂಟು ವರ್ಷ ಕಳೆದರೂ ಒಂದನ್ನು ಮುಟ್ಟದಿದ್ದರೆ, ಹಾಕಿದ ಅಸಲೇ ಪೂರ್ತಿ ಬಂದಿಲ್ಲ ಎಂದರ್ಥ.

ಅಂದಾಜು ಬೆಲೆ ಎಷ್ಟು ಬೇಗ ಕರಗಬಹುದು ಎಂಬುದಕ್ಕೆ ಬೆಂಗಳೂರೇ ಸಾಕ್ಷಿ. ಬೈಜೂಸ್ ಕಂಪನಿಗೆ 2022ರಲ್ಲಿ 22 ಶತಕೋಟಿ ಡಾಲರ್ ಬೆಲೆ ಕಟ್ಟಲಾಗಿತ್ತು. 2024ರಲ್ಲಿ ದೊಡ್ಡ ಹೂಡಿಕೆದಾರ ಸಂಸ್ಥೆ ಪ್ರೋಸಸ್ ತನ್ನ ಲೆಕ್ಕಪತ್ರದಲ್ಲಿ ಆ ಪಾಲಿನ ಬೆಲೆಯನ್ನು ಸೊನ್ನೆ ಎಂದು ಬರೆದುಕೊಂಡಿತು. ಆ ಎರಡು ವರ್ಷಗಳ ನಡುವೆ ಯಾರದಾದರೂ ಪುಸ್ತಿಕೆಯಲ್ಲಿ ಅದು ಭಾರಿ ಲಾಭವಾಗಿಯೇ ಕಾಣಿಸಿದ್ದೀತು.

ಐಆರ್‌ಆರ್ ಸುಳ್ಳಲ್ಲ, ಆದರೆ ಅದು ಕಾಲಕ್ಕೆ ಬಹಳ ಬಗ್ಗುವ ಅಂಕಿ. ವಿದೇಶದ ಕೆಲವು ನಿಧಿಗಳಲ್ಲಿ ಮಾಡುವಂತೆ, ನಿಧಿಯವರು ಮೊದಲು ಬ್ಯಾಂಕ್ ಸಾಲದಲ್ಲಿ ಕಂಪನಿ ಕೊಂಡು, ನಿಮ್ಮ ಹಣವನ್ನು ತಿಂಗಳುಗಟ್ಟಲೆ ತಡವಾಗಿ ಕರೆದರೆ, ಲಾಭ ಹೆಚ್ಚದಿದ್ದರೂ ಐಆರ್‌ಆರ್ ಏರುತ್ತದೆ. ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಹಾಕಿದ್ದು ಐದು ವರ್ಷದಲ್ಲಿ ದುಪ್ಪಟ್ಟಾದರೆ ವರ್ಷಕ್ಕೆ ಶೇ 14.9, ಎಂಟು ವರ್ಷ ಹಿಡಿದರೆ ಸುಮಾರು ಶೇ 9, ಹತ್ತಾದರೆ ಶೇ 7.2. ಈ ಕೊನೆಯ ಅಂಕಿಯನ್ನು ನಿಮ್ಮ ನಿಶ್ಚಿತ ಠೇವಣಿಯ ಪಕ್ಕದಲ್ಲಿಟ್ಟು ನೋಡಿ.

ಹಂತ 4: ಹಿಂದೆ ಹೇಗೆ ಮಾರಿದರು ಎಂದು ಕೇಳಿ

ಹೊರಬರುವ ದಾರಿಗಳು ಮುಖ್ಯವಾಗಿ ಮೂರು. ಷೇರುಪೇಟೆಗೆ ತರುವುದು ಒಂದು. ಬೇರೆ ಖರೀದಿದಾರರಿಗೆ ಮಾರುವುದು ಇನ್ನೊಂದು: 2023ರಲ್ಲಿ ಮಣಿಪಾಲ್ ಆಸ್ಪತ್ರೆಗಳ ಇನ್ನೂ ಶೇ 41ರಷ್ಟು ಪಾಲನ್ನು ಕೊಂಡು ಟೆಮಾಸೆಕ್ ತನ್ನ ಪಾಲನ್ನು ಶೇ 59ಕ್ಕೆ ಏರಿಸಿಕೊಂಡದ್ದು ಈ ಬಗೆಯದು.

ಮೂರನೆಯದನ್ನು ಗಮನವಿಟ್ಟು ನೋಡಿ. ಬೆಂಗಳೂರಿನ ಐಟಿ ಕಂಪನಿ ಎಂಫಸಿಸ್‌ನ ಬಹುಪಾಲನ್ನು ಅಮೆರಿಕದ ಖಾಸಗಿ ಈಕ್ವಿಟಿ ಸಂಸ್ಥೆ ಬ್ಲಾಕ್‌ಸ್ಟೋನ್ 2016ರಲ್ಲಿ ಷೇರಿಗೆ 430 ರೂಪಾಯಿಯಂತೆ ಕೊಳ್ಳಲು ಒಪ್ಪಂದ ಮಾಡಿಕೊಂಡಿತು. 2021ರಲ್ಲಿ ಷೇರಿಗೆ ಸುಮಾರು 1,452 ರೂಪಾಯಿಯಂತೆ ಮಾರಿತು. ಕೊಂಡವರು ಬ್ಲಾಕ್‌ಸ್ಟೋನ್‌ನದೇ ಇನ್ನೊಂದು ನಿಧಿ, ಜೊತೆಗೆ ಅಬುಧಾಬಿಯ ಸರ್ಕಾರಿ ನಿಧಿಯಂಥ ಕೆಲವರು. ಹಳೆಯ ನಿಧಿಯವರಿಗೆ ಹಣ ನಿಜವಾಗಿಯೂ ಬಂತು. ಎಂಫಸಿಸ್ ಷೇರುಪೇಟೆಯಲ್ಲಿ ಇದ್ದ ಕಾರಣ ಬೆಲೆ ಸರಿಯೇ ಎಂದು ಯಾರು ಬೇಕಾದರೂ ಅಳೆದು ನೋಡಬಹುದಿತ್ತು. ಕಂಪನಿ ಪೇಟೆಯಲ್ಲಿ ಇಲ್ಲದಿದ್ದಾಗ, ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುವ ಇಂಥ ಮಾರಾಟದಲ್ಲಿ ಬೆಲೆ ನಿಗದಿ ಮಾಡಿದವರು ಯಾರು ಎಂಬುದೇ ದೊಡ್ಡ ಪ್ರಶ್ನೆ. ಹಣ ಬರುವುದು ತಡವಾಗುತ್ತಿರುವ ಈ ದಿನಗಳಲ್ಲಿ ಇಂಥ ವರ್ಗಾವಣೆಗಳು ಹೆಚ್ಚುತ್ತಿವೆ. ನೀವು ಸೇರುವುದು ಮಾರುವ ನಿಧಿಗೋ ಕೊಳ್ಳುವ ನಿಧಿಗೋ ಎಂದು ತಿಳಿದುಕೊಳ್ಳಿ.

ಐಪಿಒ ದಾರಿಯೂ ಹೇಳಿದ ದಿನಕ್ಕೆ ತೆರೆಯುವುದಿಲ್ಲ. ತೋಷಿಬಾದ ಮೆಮೊರಿ ಚಿಪ್ ವಿಭಾಗವನ್ನು ಅಮೆರಿಕದ ಖಾಸಗಿ ಈಕ್ವಿಟಿ ಸಂಸ್ಥೆ ಬೇನ್ ಕ್ಯಾಪಿಟಲ್ ಮುಂದಾಳತ್ವದ ಕೂಟ 2018ರಲ್ಲಿ ಕೊಂಡಿತು. 2020ರಲ್ಲಿ ಪೇಟೆಗೆ ತರುವ ಸಿದ್ಧತೆ ನಡೆದು ಮುಂದಕ್ಕೆ ಹೋಯಿತು. ಕಿಯೋಕ್ಸಿಯಾ ಎಂಬ ಹೊಸ ಹೆಸರಿನಲ್ಲಿ ಅದು ಟೋಕಿಯೊ ಪೇಟೆಗೆ ಬಂದದ್ದು 2024ರ ಡಿಸೆಂಬರ್‌ನಲ್ಲಿ. ಬೇನ್‌ನಂಥ ದೊಡ್ಡವರಿಗೇ ಇಷ್ಟು ಕಾಯಬೇಕಾಯಿತು.

ಹಂತ 5: ಸಾಲ ಯಾರ ತಲೆಯ ಮೇಲೆ?

ಕಂಪನಿ ಕೊಳ್ಳಲು ಮಾಡಿದ ಸಾಲವನ್ನು ಆ ಕಂಪನಿಯೇ ತೀರಿಸುವಂತೆ ಮಾಡುವುದು ಈ ವೃತ್ತಿಯ ಹಳೆಯ ಪದ್ಧತಿ. ದಕ್ಷಿಣ ಕೊರಿಯಾದ ಹೋಮ್‌ಪ್ಲಸ್ ಎಂಬ ಸೂಪರ್ ಮಾರ್ಕೆಟ್ ಸಮೂಹವನ್ನು ಖಾಸಗಿ ಈಕ್ವಿಟಿ ಸಂಸ್ಥೆ ಎಂಬಿಕೆ ಪಾರ್ಟ್‌ನರ್ಸ್ 2015ರಲ್ಲಿ ಬ್ರಿಟನ್ನಿನ ಟೆಸ್ಕೊದಿಂದ ಸುಮಾರು 7.2 ಲಕ್ಷ ಕೋಟಿ ವಾನ್‌ಗೆ ಕೊಂಡಿತು. ಸಾಲದ ಹೊರೆ ಇಳಿಸಲು ಮಳಿಗೆಗಳ ಜಾಗಗಳನ್ನು ಮಾರಿ, ಅವನ್ನೇ ಬಾಡಿಗೆಗೆ ಹಿಡಿಯಲಾಯಿತು. ಅಷ್ಟರಲ್ಲಿ ಜನ ಮೊಬೈಲಿನಲ್ಲಿ ದಿನಸಿ ತರಿಸತೊಡಗಿದರು. 2025ರ ಮಾರ್ಚ್‌ನಲ್ಲಿ ಹೋಮ್‌ಪ್ಲಸ್ ನ್ಯಾಯಾಲಯದ ರಕ್ಷಣೆ ಕೋರಿತು. ಅದರ ಬಾಕಿಯನ್ನು ಆಧರಿಸಿದ ಅಲ್ಪಾವಧಿ ಸಾಲಪತ್ರಗಳನ್ನು ಕೊಂಡಿದ್ದ ಸಾಮಾನ್ಯರೂ ಹಣಕ್ಕಾಗಿ ಬೀದಿಗಿಳಿದರು. ನಿಮಗೆ ತೋರಿಸಿದ ನಿಧಿಯ ಕಂಪನಿಗಳಲ್ಲಿ ಸಾಲ ಎಷ್ಟಿದೆ, ವಾರ್ಷಿಕ ಗಳಿಕೆಯ ಎಷ್ಟು ಪಟ್ಟು ಇದೆ ಎಂದು ಲಿಖಿತವಾಗಿ ಕೇಳಿ.

ಹಂತ 6: ಶುಲ್ಕ ಕಳೆದು ನೋಡಿ

ನಿರ್ವಹಣಾ ಶುಲ್ಕ ವರ್ಷಕ್ಕೆ ಶೇ 2, ಅದರ ಮೇಲೆ ಶೇ 18 ಜಿಎಸ್‌ಟಿ ಎನ್ನಿ. ಒಂದು ಕೋಟಿಗೆ ವರ್ಷಕ್ಕೆ 2.36 ಲಕ್ಷ, ಎಂಟು ವರ್ಷ ಇದೇ ದರ ನಡೆದರೆ 18.88 ಲಕ್ಷ. ಶುಲ್ಕ ನೀವು ಒಪ್ಪಿಕೊಂಡ ಮೊತ್ತದ ಮೇಲೋ, ನಿಜವಾಗಿ ತೊಡಗಿಸಿದ ಮೊತ್ತದ ಮೇಲೋ ಎಂದು ನೋಡಿ. ಇದಲ್ಲದೆ, ಒಂದು ಮಟ್ಟ ದಾಟಿದ ಲಾಭದಲ್ಲಿ ಸಾಮಾನ್ಯವಾಗಿ ಐದನೆಯ ಒಂದು ಭಾಗ ನಿಧಿ ನಡೆಸುವವರಿಗೆ ಹೋಗುತ್ತದೆ. ಇನ್ನೊಂದು ವಿಷಯವನ್ನು ಬ್ಯಾಂಕಿನವರು ತಾವಾಗಿ ಹೇಳುವುದು ಕಡಿಮೆ: ಮಧ್ಯವರ್ತಿಯ ಕಮಿಷನ್ ಇಲ್ಲದ ನೇರ ಯೋಜನೆಯನ್ನೂ ಎಐಎಫ್‌ಗಳು ಕೊಡಲೇಬೇಕೆಂದು ಸೆಬಿ 2023ರಲ್ಲಿ ನಿಯಮ ಮಾಡಿದೆ.

ಹಂತ 7: ಎಷ್ಟು ವರ್ಷ ಕೈ ಕಟ್ಟಿರುತ್ತದೆ?

ಒಂದು ಕೋಟಿಯನ್ನು ಸಾಮಾನ್ಯವಾಗಿ ಒಮ್ಮೆಲೇ ಕೊಡಬೇಕಿಲ್ಲ, ಕರೆದಾಗಲೆಲ್ಲ ಕಂತಿನಲ್ಲಿ ಕೊಡಬೇಕು. ಕರೆದಾಗ ಕೊಡದಿದ್ದರೆ ದಂಡವಿದೆ. ಕೆಲವು ಒಪ್ಪಂದಗಳಲ್ಲಿ ಈವರೆಗೆ ಕೊಟ್ಟದ್ದರ ಒಂದು ಭಾಗವೂ ಕೈತಪ್ಪಬಹುದು. ಆದ್ದರಿಂದ ಮಗಳ ಮದುವೆಗೆ, ಮನೆ ಕಟ್ಟುವುದಕ್ಕೆ ಎತ್ತಿಟ್ಟ ಹಣ ಇದಕ್ಕೆ ತಕ್ಕದ್ದಲ್ಲ. ನಿಧಿಯ ಅವಧಿ ಮುಗಿದ ಮೇಲೂ, ಹೂಡಿಕೆಯ ಮೌಲ್ಯದಲ್ಲಿ ಮೂರನೆಯ ಎರಡು ಭಾಗ ಹೊಂದಿರುವವರು ಒಪ್ಪಿದರೆ ಎರಡು ವರ್ಷದವರೆಗೆ ವಿಸ್ತರಿಸಬಹುದು.

'ಮೂರು ತಿಂಗಳಿಗೊಮ್ಮೆ ಹಣ ತೆಗೆಯಬಹುದು' ಎನ್ನುವ ಹೊಸ ಬಗೆಯ ನಿಧಿಗಳು ವಿದೇಶದಲ್ಲಿರುವ ನಮ್ಮವರಿಗೆ ಈಗ ಹೆಚ್ಚಾಗಿ ಸಿಗುತ್ತಿವೆ. ಅವುಗಳಲ್ಲೂ ಸಾಮಾನ್ಯವಾಗಿ ಒಟ್ಟು ನಿಧಿಯ ಶೇ 5ರಷ್ಟನ್ನು ಮಾತ್ರ ಆ ಅವಧಿಯಲ್ಲಿ ಹಿಂದಿರುಗಿಸುವ ಮಿತಿಯಿದೆ. 2022ರ ಕೊನೆಗೆ ಬ್ಲಾಕ್‌ಸ್ಟೋನ್‌ನ ಅಮೆರಿಕದ ಆಸ್ತಿ ನಿಧಿಯಿಂದ ಹಣ ತೆಗೆಯಲು ಏಷ್ಯಾದವರು ಸಾಲುಗಟ್ಟಿದಾಗ ಈ ಮಿತಿಯೇ ಅಡ್ಡ ಬಂತು.

ಹಂತ 8: ಕೋಟಿ ಇಲ್ಲದವರು ಎಲ್ಲಿಂದ ಆರಂಭಿಸಬೇಕು?

ರೀಟ್‌ಗಳಿಂದ, ಅಂದರೆ ಬಾಡಿಗೆ ತರುವ ಕಟ್ಟಡಗಳಲ್ಲಿ ಹಲವರು ಸೇರಿ ಹಣ ತೊಡಗಿಸುವ ನಿಧಿಗಳಿಂದ. ಖಾಸಗಿ ಈಕ್ವಿಟಿಯವರು ಹಣ ಹೂಡಿ ಬೆಳೆಸಿದ ಕಚೇರಿ ಕಟ್ಟಡಗಳೇ ಇಲ್ಲಿ ಸಣ್ಣ ತುಂಡುಗಳಾಗಿ ಷೇರುಪೇಟೆಗೆ ಬಂದಿವೆ. ದೇಶದ ಮೊದಲ ರೀಟ್ ಬೆಂಗಳೂರಿನದು: ಮಾನ್ಯತಾ ಟೆಕ್ ಪಾರ್ಕ್ ಇರುವ ಎಂಬಸಿ ಆಫೀಸ್ ಪಾರ್ಕ್ಸ್, 2019ರ ಏಪ್ರಿಲ್‌ನಲ್ಲಿ ಪೇಟೆಗೆ ಬಂತು. ಅದರಲ್ಲಿ ಪಾಲಿದ್ದ ಬ್ಲಾಕ್‌ಸ್ಟೋನ್ 2023ರಲ್ಲಿ ಪೂರ್ತಿ ಮಾರಿ ಹೊರಬಂತು. ಒಂದೇ ಯೂನಿಟ್ ಕೂಡ ಕೊಳ್ಳಬಹುದು. ಹಂಚಬಹುದಾದ ನಗದಿನಲ್ಲಿ ಕನಿಷ್ಠ ಶೇ 90ರಷ್ಟನ್ನು ಹೂಡಿಕೆದಾರರಿಗೆ ಕೊಡಲೇಬೇಕು. ಬೆಲೆ ಷೇರಿನಂತೆಯೇ ಏರಿಳಿಯುತ್ತದೆ, ಆದರೆ ಬೇಡವಾದ ದಿನ ಮಾರಲು ಪೇಟೆಯಿದೆ.

ಮಾವ ಈ ಪಟ್ಟಿಯಿಂದ ಎರಡು ಪ್ರಶ್ನೆಗಳನ್ನು ಆರಿಸಿಕೊಂಡು ಇ-ಮೇಲ್ ಬರೆಸಿದರು: ಹಿಂದಿನ ನಿಧಿಯ ಡಿಪಿಐ ಎಷ್ಟು, ನೇರ ಯೋಜನೆ ಏಕೆ ತೋರಿಸಲಿಲ್ಲ? ಮೂರನೆಯ ವಾರ ಉತ್ತರ ಬಂತು. ಆರು ವರ್ಷ ತುಂಬಿದ ಆ ನಿಧಿಯ ಡಿಪಿಐ 0.3. ಮಾವ ಕಾಗದವನ್ನು ತೋಟದ ಲೆಕ್ಕದ ಪುಸ್ತಕದಲ್ಲಿ ಮಡಚಿಟ್ಟು ಅಡಿಕೆ ಗೊನೆ ಕೊಯ್ಲಿಗೆ ಹೊರಟರು. ಎರಡನೆಯ ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲ.