ಮೂರೇ ಮೆಸೇಜು ಹಾಕಿದವರ ಜಗುಲಿಯಲ್ಲಿ

ಕೃಷಿಕರು ಆನ್‌ಲೈನಿನಲ್ಲಿ ಒಬ್ಬರೊಡನೊಬ್ಬರು ಹೇಗೆ ಒಡನಾಡುತ್ತಾರೆ ಎಂಬುದು ನನ್ನ ಸಂಶೋಧನೆಯ ವಿಷಯ. ಮೊದಲ ಯೋಜನೆ ಇದ್ದದ್ದು ಫೇಸ್‌ಬುಕ್ಕಿನ ಕೃಷಿ ಪುಟಗಳ ಮೇಲೆ. ಅದಕ್ಕೆ ನೆಚ್ಚಿಕೊಂಡಿದ್ದ, ಸಾರ್ವಜನಿಕ ಪೋಸ್ಟುಗಳನ್ನು ಹುಡುಕಿ ಎಣಿಸಿಕೊಡುವ ಸಾಧನವಾದ ಕ್ರೌಡ್‌ಟ್ಯಾಂಗಲ್ಲನ್ನು ಮೆಟಾ 2024ರ ಆಗಸ್ಟ್ 14ರಂದು ಮುಚ್ಚಿಬಿಟ್ಟಿತು. ಸಂಶೋಧಕರಿಗೆ ಉಚಿತವಾಗಿ ದತ್ತಾಂಶ ಕೊಡುವುದನ್ನು ಟ್ವಿಟರ್ 2023ರಲ್ಲೇ ನಿಲ್ಲಿಸಿತ್ತು. ಕೊನೆಗೆ ಉಳಿದದ್ದು ಶಿರಸಿ ಕಡೆಯ ಅಡಿಕೆ ಬೆಳೆಗಾರರ ಒಂದು ವಾಟ್ಸಾಪ್ ಗುಂಪು. ಸೋದರಮಾವನೇ ಅದರ ಅಡ್ಮಿನ್.

ಮಾವ ಹ್ಞೂಂ ಅಂದರೆ ಸಾಕು ಅಂದುಕೊಂಡಿದ್ದೆ. ಮಾರ್ಗದರ್ಶಕರು ಒಪ್ಪಲಿಲ್ಲ. ಎಲ್ಲರ ಒಪ್ಪಿಗೆ ಬೇಕು ಎಂದರು. ಗುಂಪಿನಲ್ಲೇ ಕೇಳಿದರೆ ಅಡ್ಮಿನ್ ಅಳಿಯನಿಗೆ ಬೇಡ ಅನ್ನುವ ದಾಕ್ಷಿಣ್ಯಗೇಡಿ ಯಾರಿದ್ದಾರೆ? ಹಾಗಾಗಿ ಅಧ್ಯಯನದ ವಿವರವನ್ನು ಧ್ವನಿ ಸಂದೇಶ ಮಾಡಿ ಹಾಕಿ, ಉತ್ತರವನ್ನು ನನ್ನೊಬ್ಬನಿಗೇ ಕಳಿಸಲು ಕೇಳಿಕೊಂಡೆ. ಇಬ್ಬರು ಬೇಡ ಅಂದರು. ಅವರ ಸಾಲುಗಳನ್ನಷ್ಟೇ ಅಳಿಸಿದರೆ ಸುತ್ತಲಿನ ಉತ್ತರಗಳಿಂದಲೇ ಅವರು ಏನು ಕೇಳಿದ್ದರೆಂದು ತಿಳಿಯುತ್ತಿತ್ತು. ಆ ಮಾತುಕತೆಗಳನ್ನೇ ಪೂರ್ತಿ ಕೈಬಿಟ್ಟೆ.

ವಾಟ್ಸಾಪ್ ಚಾಟನ್ನು ಎಕ್ಸ್‌ಪೋರ್ಟ್ ಮಾಡಿದರೆ ಫೋಟೊ ಇಲ್ಲದೆ ಹೆಚ್ಚೆಂದರೆ 40,000 ಮೆಸೇಜು, ಫೋಟೊ ಸೇರಿದರೆ 10,000 ಸಿಗುತ್ತವೆ. ಇಷ್ಟು ದೊಡ್ಡ ಫೈಲು ಸಿಕ್ಕಿತೆಂದು ಹಿಗ್ಗಿದ್ದೇ ಬಂತು. ಯಾರು ಯಾವ ಮೆಸೇಜಿಗೆ ರಿಪ್ಲೈ ಒತ್ತಿದರೆಂಬುದು ಅದರಲ್ಲಿ ಇರಲಿಲ್ಲ. ಮೆಸೇಜಿನ ಮೇಲೆ ಅಂಟಿಸಿದ ಹೆಬ್ಬೆರಳು, ನಮಸ್ಕಾರ ಒಂದೂ ಇಲ್ಲ. ಕೊಳೆರೋಗದ ಕಾಲದಲ್ಲಿ, ತೋಟಕ್ಕೆ ಸಿಂಪಡಿಸುವ ಮದ್ದಿನಿಂದ ಕೈಯೆಲ್ಲ ಮೈಲುತುತ್ತ–ಸುಣ್ಣ ಆಗಿರುವಾಗ, ಟೈಪ್ ಮಾಡುವವರು ಕಡಿಮೆ, ಧ್ವನಿ ಸಂದೇಶವೇ ಜಾಸ್ತಿ. ಫೋಟೊ ಬಿಟ್ಟು ತೆಗೆದ ಫೈಲಿನಲ್ಲಿ ಅವೂ ಇಲ್ಲ. ನಾನು ನೋಡಬೇಕೆಂದಿದ್ದದ್ದು ಜನರ ನಡುವಿನ ಒಡನಾಟ, ಸಿಕ್ಕಿದ್ದು ಸಾಲುಸಾಲು ಸ್ವಗತ. ಫೋನು ಪಕ್ಕದಲ್ಲಿಟ್ಟುಕೊಂಡು ಒಂದು ಮಳೆಗಾಲದ ರಿಪ್ಲೈಗಳನ್ನು ಕೈಯಲ್ಲೇ ಜೋಡಿಸಿದೆ.

ಪದ ಎಣಿಸುವ ಪ್ರೋಗ್ರಾಮಿನ ಕತೆಯೇ ಬೇರೆ. ರೋಮನ್ ಅಕ್ಷರದಲ್ಲಿ ‘male’ ಎಂದು ಬರೆದ ‘ಮಳೆ’ಯನ್ನು ಅದು ಇಂಗ್ಲಿಷಿನ ‘ಗಂಡು’ ಎಂದು ಓದಿತು! ಒಂದೊಂದು ಪದಕ್ಕೂ ಇರುವ ಕಾಗುಣಿತಗಳನ್ನೆಲ್ಲ ನಾನೇ ಪಟ್ಟಿ ಮಾಡಿದೆ.

ಆಮೇಲೆ ಮೆಸೇಜುಗಳನ್ನು ಪ್ರಶ್ನೆ, ಸಲಹೆ, ತಮಾಷೆ, ಹೀಗೆ ವಿಂಗಡಿಸುವ ಕೆಲಸ. ಬೆಂಗಳೂರಿನಲ್ಲಿ ಬೆಳೆದ ಗೆಳತಿಯೊಬ್ಬಳು ಮತ್ತು ನಾನು ಅವೇ ಮೆಸೇಜುಗಳನ್ನು ಬೇರೆ ಬೇರೆ ಕೂತು ವಿಂಗಡಿಸಿದೆವು. ಅಕಸ್ಮಾತ್ ಹೊಂದಿಕೆಯಾದದ್ದನ್ನು ಕಳೆದು ಲೆಕ್ಕ ಹಾಕುವ ಕೊಹೆನ್ ಕಪ್ಪಾ ಅಂಕ (ಪೂರ್ತಿ ಹೊಂದಿದರೆ ಒಂದು) ಅರ್ಧದ ಆಸುಪಾಸಿನಲ್ಲೇ ನಿಂತಿತು. ಜಗಳವೆಲ್ಲ ‘ಹೌದಾ ಭಾವಾ?’ ತರದ ಸಾಲುಗಳ ಮೇಲೆ. ಅವಳಿಗೆ ಅದು ಸಂಬಂಧಿಕರೊಬ್ಬರನ್ನು ಕೇಳಿದ ಪ್ರಶ್ನೆ. ನನಗೆ ಕೇಳಿಸಿದ್ದು ‘ಬಿಡೋ, ಕಂಡಿದ್ದೀನಿ’ ಅನ್ನುವ ಕಿಚಾಯಿಕೆ. ನಮ್ಮ ಕಡೆ ಗೆಳೆಯನೂ ಭಾವನೇ. ಆದರೆ ಎಲ್ಲ ಸಲ ನಾನೇ ಸರಿಯಿರಲಿಲ್ಲ. ಊರಿನವನೆಂಬ ಗರ್ವದಲ್ಲಿ ನಿಜವಾದ ಪ್ರಶ್ನೆಗಳನ್ನೂ ತಮಾಷೆಯ ಖಾತೆಗೆ ಹಾಕಿದ್ದೆ.

ಬರೆದವರನ್ನೇ ಕೇಳೋಣ ಎಂದು ಮನೆಮನೆಗೆ ಹೋದೆ. ಫೋನು ಅವರ ಕೈಯಲ್ಲೇ ಇರುತ್ತದೆ, ಅವರೇ ಹಿಂದಕ್ಕೆ ಸರಿಸುತ್ತ ಹೋಗುತ್ತಾರೆ, ನಾವು ಪಕ್ಕದಲ್ಲಿ ಕೂತು ಕೇಳುವುದು. ಸ್ಕ್ರೋಲ್‌ಬ್ಯಾಕ್ ಸಂದರ್ಶನ ಎನ್ನುತ್ತಾರೆ ಇದಕ್ಕೆ. ಯಾರು ಯಾರಿಗೆ ಉತ್ತರಿಸುತ್ತಾರೆಂದು ನಾನು ಬಿಡಿಸಿದ ಜಾಲನಕ್ಷೆಯ ಅಂಚಿನಲ್ಲಿ ಒಂಟಿ ಚುಕ್ಕೆಯಾಗಿದ್ದ ಹಿರಿಯರೊಬ್ಬರು ವರ್ಷವಿಡೀ ಹಾಕಿದ್ದು ಮೂರೇ ಮೆಸೇಜು. ‘ಮೌನಿ’ ಎಂದು ಗುರುತು ಹಾಕಿದ್ದೆ. ಅವರ ಜಗುಲಿಯಲ್ಲಿ ಕೂತ ಒಂದು ಗಂಟೆಯಲ್ಲಿ ಮೂರು ಕರೆ ಬಂದವು. ಅದರಲ್ಲೊಂದರ ಹಿನ್ನೆಲೆ ಇದು: ಯಾರೋ ಎಲೆಚುಕ್ಕಿ ರೋಗದ ಫೋಟೊವನ್ನು ಗುಂಪಿಗೆ ಹಾಕಿದ್ದರು. ನಾಲ್ಕಾರು ಜನ ನಾಲ್ಕಾರು ಔಷಧಿ ಹೇಳಿದ್ದರು. ಅದನ್ನೆಲ್ಲ ಓದಿ ಆ ಮನುಷ್ಯ ಫೋನು ಮಾಡಿದ್ದು ಇವರಿಗೆ.

‘ನೀವು ಗುಂಪಿನಲ್ಲೇ ಬರೆಯಬಹುದಲ್ಲ?’ ಅಂದೆ.

‘ತಮಾ, ಬರೆಯದು ಎಂತಕ್ಕೆ? ಫೋನ್ ಮಾಡಿರೆ ಆತು.’

ಮಾರನೇ ದಿನ ಅವರು ಆ ತೋಟಕ್ಕೇ ಹೋಗಿ ನೋಡಿಬಂದರು. ನನ್ನ ಫೈಲಿನಲ್ಲಿ ಆ ಮಾತುಕತೆ ‘ಧನ್ಯವಾದ’ಕ್ಕೇ ಮುಗಿದಿತ್ತು.

ಮುಂದಿನ ಮಳೆಗಾಲಕ್ಕೆ ಕ್ರಮ ಬದಲಿಸಿದೆ. ಒಪ್ಪಿದ ಕೆಲವು ಮನೆಗಳಲ್ಲಿ, ಗುಂಪಿನ ಯಾವ ವಿಷಯಕ್ಕೆ ಯಾರಿಗೆ ಫೋನು ಮಾಡಿದಿರಿ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಲು ಹೇಳಿದೆ. ಡೈರಿ ಕೊಟ್ಟಿದ್ದರೆ ಅಟ್ಟ ಸೇರುತ್ತಿತ್ತು. ಒಂದು ಮನೆಯಲ್ಲಿ ಹಾಲಿನ ಲೆಕ್ಕವೂ ಅದೇ ಚೌಕದಲ್ಲಿತ್ತು. ‘ಅರ್ಧ’ ಎಂದರೆ ಅರ್ಧ ಲೀಟರೋ, ಅರ್ಧಕ್ಕೆ ಕಡಿದುಹೋದ ಕರೆಯೋ ಎಂದು ಕೇಳಲು ಮತ್ತೊಮ್ಮೆ ಬಸ್ಸು ಹತ್ತಿದೆ.