ಬ್ಯಾಗಿನ ವಿಷಯ ಯಾರ ಹತ್ತಿರ ಮಾತಾಡೋದು?

ಹಾರ್ಟ್ ಆಪರೇಷನ್ ಆದವರು ಬೀದಿಯಲ್ಲಿ ನಿಂತು ಎಲ್ಲ ಹೇಳಿಕೊಳ್ಳಬಹುದು. ಎಷ್ಟು ಬ್ಲಾಕ್ ಇತ್ತು, ಎಷ್ಟು ಸ್ಟೆಂಟ್ ಹಾಕಿದರು, ಎಷ್ಟು ದುಡ್ಡಾಯಿತು. ಹೇಳುವವರಿಗೂ ಕೇಳುವವರಿಗೂ ಮುಜುಗರ ಇಲ್ಲ. ದೊಡ್ಡ ಕರುಳಿನ ಕ್ಯಾನ್ಸರ್ ಆದವರಿಗೆ ಆ ಸುಖ ಇಲ್ಲ. ನಮ್ಮ ಇಡೀ ದಿನ ಕಳೆಯೋದೇ ಗ್ಯಾಸು, ಲ್ಯಾಟ್ರಿನ್ನು, ವಾಸನೆ ಅಂತ. ಅದನ್ನು ಮನೆಗೆ ಬಂದವರ ಮುಂದೆ ಹೇಳೋಕಾಗುತ್ತಾ? ಹೇಳದೇ ಇದ್ದರೆ ಅವರಾದರೂ ಹೇಗೆ ಸಹಾಯ ಮಾಡ್ತಾರೆ?

ನಾನು ಹಾಸನದಲ್ಲಿ ಬ್ಲೌಸ್ ಹೊಲಿಯುವವಳು. ವಯಸ್ಸು ಐವತ್ತು ದಾಟಿದೆ. ಮೋಷನ್‌ನಲ್ಲಿ ರಕ್ತ ಬರುತ್ತಿದ್ದಾಗ ಮೂಲವ್ಯಾಧಿ ಅಂದರು, ಮುಲಾಮು ಕೊಟ್ಟರು. ಕೊನೆಗೆ ಕರುಳೇ ಕಟ್ಟಿಕೊಂಡು, ಗಾಳಿ ಕೂಡ ಹೋಗದೆ ಹೊಟ್ಟೆ ಉಬ್ಬಿತು. ಬೆಂಗಳೂರಿಗೆ ಕರೆದುಕೊಂಡು ಹೋದ ರಾತ್ರಿಯೇ ಆಪರೇಷನ್. ಎಡಗಡೆ ಕರುಳಿನಲ್ಲಿದ್ದ ಗಡ್ಡೆ ತೆಗೆದು, ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ಹೊರಕ್ಕೆ ತಂದು ಹೊಲಿದಿದ್ದರು. ಅದಕ್ಕೆ ಸ್ಟೋಮಾ ಅಂತಾರೆ. ಕಟ್ಟಿಕೊಂಡು ಊದಿರುವ ಕರುಳನ್ನು ಆಗಲೇ ಜೋಡಿಸಿದರೆ ಹೊಲಿಗೆ ಬಿಟ್ಟುಕೊಳ್ಳುವ ಭಯ ಜಾಸ್ತಿಯಂತೆ. ಕೀಮೋ ಎಲ್ಲ ಮುಗಿದ ಮೇಲೆ ಜೋಡಿಸ್ತೀವಿ, ಅಲ್ಲಿವರೆಗೆ ಮಲ ಬಂದು ತುಂಬೋಕೆ ಹೊಟ್ಟೆಗೆ ಅಂಟಿಸುವ ಬ್ಯಾಗ್ ಅಂದರು.

ಸ್ಟೋಮಾ ನೋಡೋಕೆ ಬಾಯಿಯ ಒಳಭಾಗದ ಹಾಗೆ ಕೆಂಪಗೆ, ಒದ್ದೆಯಾಗಿ ಇರುತ್ತದೆ. ಮುಟ್ಟಿದರೆ ನೋವಿಲ್ಲ, ಅದರಲ್ಲಿ ನೋವಿನ ನರಗಳಿಲ್ಲ. ಆದರೆ ಹಿಡಿತವೂ ಇಲ್ಲ. ಯಾವಾಗ ಬೇಕಾದರೂ ಹೋಗುತ್ತದೆ, ಯಾರೆದುರು ಬೇಕಾದರೂ ಶಬ್ದ ಬರುತ್ತದೆ.

ಡಿಸ್ಚಾರ್ಜ್‌ಗೆ ಮೊದಲು ನರ್ಸ್ ಬಂದು, "ಬ್ಯಾಗ್ ಬದಲಾಯಿಸೋದನ್ನ ಮನೆಯಲ್ಲಿ ಯಾರು ಕಲೀತೀರಿ?" ಅಂದರು. ನಮ್ಮ ಯಜಮಾನರು ಗೋಡೆ ಕಡೆ ನೋಡಿದರು. ಅವರ ಮೇಲೆ ನನಗೆ ಸಿಟ್ಟೇನೂ ಬರಲಿಲ್ಲ, ಒಬ್ಬೊಬ್ಬರಿಗೆ ಒಂದೊಂದು ಆಗೋದಿಲ್ಲ. ಮುಂದೆ ಬಂದವಳು ಚನ್ನರಾಯಪಟ್ಟಣದ ಹತ್ತಿರ ಹಸು ಕಟ್ಟಿಕೊಂಡಿರುವ ನನ್ನ ತಂಗಿ. "ದಿನಾ ಕೊಟ್ಟಿಗೆ ಬಾಚೋಳಿಗೆ ಇದೇನು ಮಹಾ ಬಿಡಕ್ಕ" ಅಂದಳು. ಆಪರೇಷನ್ ಆದ ಮೇಲೆ ನಾನು ಮೊದಲು ನಕ್ಕಿದ್ದು ಅವತ್ತು. ನಕ್ಕರೆ ಹೊಲಿಗೆ ಎಳೆಯುತ್ತೆ, ದಿಂಬನ್ನು ಹೊಟ್ಟೆಗೆ ಒತ್ತಿಕೊಂಡು ನಕ್ಕೆ.

ಯಜಮಾನರಿಗೆ ಬೇರೆ ಕೆಲಸ ಕೊಟ್ಟೆ. ಆಯುಷ್ಮಾನ್ ಕಾರ್ಡಿನ ಓಡಾಟ, ರೆಫರಲ್ ಕಾಗದ, ರಕ್ತದ ರಿಪೋರ್ಟುಗಳನ್ನೆಲ್ಲ ತಾರೀಖಿನ ಪ್ರಕಾರ ಫೈಲ್ ಮಾಡೋದು, ನೋಡೋಕೆ ಬರುವವರಿಗೆ ಫೋನಿನಲ್ಲೇ ಟೈಮ್ ಹೇಳೋದು. ಅದನ್ನು ಅವರು ಎಷ್ಟು ಅಚ್ಚುಕಟ್ಟಾಗಿ ಮಾಡಿದರು ಅಂದರೆ, ಆಸ್ಪತ್ರೆಯಲ್ಲಿ ಯಾವ ಡಾಕ್ಟರು ಕೇಳಿದರೂ ಕಾಗದ ತಕ್ಷಣ ಕೈಗೆ ಸಿಗುತ್ತಿತ್ತು. ಪಕ್ಕದ ಮನೆ ಆಂಟಿಗೆ, "ಹಣ್ಣು ತರಬೇಡಿ, ಬೆಳಿಗ್ಗೆ ಎರಡು ಕೊಡ ನೀರು ಎತ್ತಿಕೊಡಿ" ಅಂತ ನೇರವಾಗಿ ಕೇಳಿದೆ. ಆರು ವಾರ ಭಾರ ಎತ್ತಬಾರದು ಅಂದಿದ್ದರು. ಸ್ಟೋಮಾ ಇರುವವರಿಗಂತೂ ಅದರ ಪಕ್ಕದಲ್ಲೇ ಹರ್ನಿಯಾ ಬರಬಹುದು. "ಏನಾದ್ರೂ ಬೇಕಿದ್ರೆ ಹೇಳಿ" ಅಂತ ಎಲ್ಲರೂ ಅಂತಾರೆ. ಆ ಮಾತಿನಿಂದ ಏನೂ ಆಗೋದಿಲ್ಲ, ಇಂಥದ್ದೇ ಬೇಕು ಅಂತ ಹೇಳಬೇಕು. ಹೇಳಿದರೆ ಅವರಿಗೂ ಸಮಾಧಾನ, ಏನು ಮಾಡಬೇಕು ಅಂತ ಗೊತ್ತಿಲ್ಲದೆಯೇ ಅವರು ಸೇಬು ತಂದುಕೊಡೋದು.

ಬಿಟ್ಟಿ ಸಲಹೆಗಳ ಕಾಟವೂ ಇತ್ತು. ಸಕ್ಕರೆ ಬಿಟ್ಟರೆ ಸಾಕು ಅಂತ ಒಬ್ಬರು, ಬರೀ ಸೊಪ್ಪಿನ ರಸ ಕುಡಿ ಅಂತ ಇನ್ನೊಬ್ಬರು. ಯಾವ ದೇವರ ಹರಕೆ ಮರೆತಿದ್ದೆ ಅಂತ ಕೇಳಿದವರೂ ಇದ್ದರು. ಎಲ್ಲರಿಗೂ ಒಂದೇ ಉತ್ತರ ಇಟ್ಟುಕೊಂಡಿದ್ದೆ: "ಡಾಕ್ಟರನ್ನ ಕೇಳಿ ಮಾಡ್ತೀನಿ."

ಇಷ್ಟೆಲ್ಲ ಜನ ಇದ್ದರೂ ಬ್ಯಾಗಿನ ವಿಷಯ ಮಾತಾಡಲು ತಂಗಿ ಬಿಟ್ಟರೆ ಯಾರೂ ಇರಲಿಲ್ಲ. ಅವಳಿಗೂ ಅದು ಗೊತ್ತಿದ್ದದ್ದು ಹೊರಗಿನಿಂದ. ನನಗೆ ನಿಜವಾದ ಜೊತೆ ಸಿಕ್ಕಿದ್ದು ಕಿದ್ವಾಯಿಯಲ್ಲಿ, ಕೀಮೋ ಹಾಕುವ ಕಡೆ.

ಆಕ್ಸಾಲಿಪ್ಲಾಟಿನ್ ಅನ್ನುವ ಕೀಮೋ ಔಷಧಿಯ ಡ್ರಿಪ್ ಇಳಿಯೋಕೆ ಎರಡು ಗಂಟೆ ಬೇಕು. ಪಕ್ಕದಲ್ಲಿ ಹೊಳೆನರಸೀಪುರದ ಒಬ್ಬ ಅಕ್ಕ ಕೂತಿದ್ದರು. ನಾನು ಸೆರಗನ್ನು ಎಡಗಡೆ ಹೊಟ್ಟೆಯ ಮೇಲೆ ಗಟ್ಟಿಯಾಗಿ ಹಿಡಿದುಕೊಂಡಿದ್ದನ್ನು ನೋಡಿ, "ಬ್ಯಾಗಾ?" ಅಂದರು. ಹ್ಞೂಂ ಅಂದೆ. "ನಂದೂವೆ. ಅವರೆಕಾಯಿ ತಿಂದಿಯೇನು?" ಹಾಸನದವಳು ಸೊಗಡವರೆ ಕಾಲದಲ್ಲಿ ಬಿಡ್ತೀನಾ? ಹಿಂದಿನ ರಾತ್ರಿ ಬ್ಯಾಗ್ ಬಲೂನಿನಂತೆ ಉಬ್ಬಿತ್ತು.

ಆ ಎರಡು ಗಂಟೆಯಲ್ಲಿ ಅಕ್ಕ ಹೇಳಿಕೊಟ್ಟಿದ್ದನ್ನು ಎಲ್ಲೂ ಬರೆದಿರಲಿಲ್ಲ ಅಂತಲ್ಲ. ಡಿಸ್ಚಾರ್ಜ್ ಕಾಗದದಲ್ಲೇ ಅರ್ಧ ಇತ್ತು. ಆದರೆ ಅನುಭವಿಸಿದವರ ಬಾಯಲ್ಲಿ ಕೇಳಿದಾಗಲೇ ತಲೆಗೆ ಹೋಗೋದು. ಬ್ಯಾಗ್ ಮೂರರಲ್ಲಿ ಒಂದು ಭಾಗ ತುಂಬುತ್ತಿದ್ದಂತೆ ಖಾಲಿ ಮಾಡು, ಭಾರಕ್ಕೆ ಅಂಟು ಬಿಡುತ್ತೆ. ಬ್ಯಾಗನ್ನು ಚರ್ಮಕ್ಕೆ ಅಂಟಿಸುವ ಪ್ಲೇಟ್ ಬದಲಾಯಿಸೋದಿದ್ದರೆ ಬೆಳಿಗ್ಗೆ ಕಾಫಿಗಿಂತ ಮೊದಲು, ಆಗ ಕರುಳು ಸುಮ್ಮನಿರುತ್ತೆ. ಆಸ್ಪತ್ರೆಯಲ್ಲಿ ತೆಗೆದುಕೊಂಡ ಅಳತೆಯನ್ನೇ ನೆಚ್ಚಿಕೊಳ್ಳಬೇಡ, ಮೊದಲ ಆರೆಂಟು ವಾರದಲ್ಲಿ ಸ್ಟೋಮಾ ಸಣ್ಣದಾಗುತ್ತೆ. ಪ್ಲೇಟಿನ ತೂತು ದೊಡ್ಡದಾಗಿ ಉಳಿದರೆ ಸುತ್ತಲಿನ ಚರ್ಮ ಸುಟ್ಟ ಹಾಗೆ ಆಗುತ್ತೆ. ನನ್ನ ಚರ್ಮ ಉರಿಯುತ್ತಿದ್ದದ್ದು ಅದಕ್ಕೇ. ಅಳತೆ ತೆಗೆದು ಕತ್ತರಿಸೋದು ನನ್ನ ಕಸುಬು, ಮನೆಗೆ ಬಂದು ಹೊಸದಾಗಿ ಅಳೆದೆ. ಕೆಲವೇ ದಿನದಲ್ಲಿ ಉರಿ ಇಳಿಯಿತು.

ಪ್ರಯಾಣದ ವಿಷಯವನ್ನೂ ಅಕ್ಕನೇ ಹೇಳಿದ್ದು. ಹಾಸನದಿಂದ ಶ್ರವಣಬೆಳಗೊಳ, ಕುಣಿಗಲ್ ಮೇಲೆ 2017ರಿಂದ ಬೆಂಗಳೂರಿಗೆ ರೈಲಿದೆ. ಬಸ್ಸಿನಲ್ಲಿ ಬ್ಯಾಗ್ ತುಂಬಿದರೆ ಮುಂದಿನ ಸ್ಟಾಪ್‌ವರೆಗೆ ಜೀವ ಕೈಯಲ್ಲಿ ಹಿಡಿದು ಕೂರಬೇಕು. ರೈಲಿನಲ್ಲಿ ಟಾಯ್ಲೆಟ್ ಇದೆ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗಳಿಗೆ, ಜೊತೆಗೆ ಬರುವವರಿಗೂ, ಟಿಕೆಟ್‌ನಲ್ಲಿ ರಿಯಾಯಿತಿ ಇದೆ. ರೈಲ್ವೆಯ ನಮೂನೆಯಲ್ಲಿ ಆಸ್ಪತ್ರೆಯಿಂದ ಸರ್ಟಿಫಿಕೇಟ್ ಬರೆಸಿಕೊಳ್ಳಬೇಕು.

ಅಕ್ಕನಿಗೆ ನನ್ನಿಂದಲೂ ಒಂದು ಉಪಯೋಗ ಆಯಿತು. ಸೀರೆ ಉಡುವವರಿಗೆ ಲಂಗದ ಲಾಡಿ ಸರಿಯಾಗಿ ಸ್ಟೋಮಾದ ಮೇಲೇ ಬರುತ್ತದೆ. ಬಿಗಿದರೆ ಮಲ ಬ್ಯಾಗಿನ ಕೆಳಗೆ ಇಳಿಯದೆ ಮೇಲೇ ತುಂಬಿ ಸೋರುತ್ತದೆ, ಸಡಿಲ ಬಿಟ್ಟರೆ ಸೀರೆ ನಿಲ್ಲೋದಿಲ್ಲ. ಡಾಕ್ಟರುಗಳಿಗೆ ಈ ಕಷ್ಟ ಗೊತ್ತಾಗೋದಾದರೂ ಹೇಗೆ? ನಾನು ಲಾಡಿ ತೆಗೆದು, ಅಗಲ ಎಲಾಸ್ಟಿಕ್ ಹಾಕಿ, ಸೊಂಟದ ಪಟ್ಟಿಯನ್ನು ಹೊಕ್ಕುಳಿಗಿಂತ ಮೇಲೆ ಬರುವ ಹಾಗೆ ಲಂಗ ಹೊಲಿದುಕೊಂಡೆ. ಒಳಗಡೆ ಬ್ಯಾಗ್ ಕೂರಲು ಕಾಟನ್ ಲೈನಿಂಗ್ ಬಟ್ಟೆಯ ಜೇಬು. ಪ್ಲಾಸ್ಟಿಕ್ಕು ಮೈಗೆ ತಾಗಿ ಬೆವರುವುದೂ ತಪ್ಪಿತು. ಮುಂದಿನ ಸಲ ಅಕ್ಕನಿಗೂ ಒಂದು ಹೊಲಿದುಕೊಂಡು ಹೋದೆ. ಅವರು ಅಲ್ಲಿದ್ದ ಎಲ್ಲ ಹೆಂಗಸರಿಗೂ ತೋರಿಸಿಬಿಟ್ಟರು. ಅವತ್ತು ಡ್ರಿಪ್ ಇಳಿಯುವಾಗ ನನ್ನ ಸುತ್ತ ಅಳತೆ ಹೇಳುವವರೇ.

ಆದರೆ ಅದೇ ಔಷಧಿ ನನ್ನ ಕೈಯನ್ನೂ ಹಿಡಿದಿತ್ತು. ಆಕ್ಸಾಲಿಪ್ಲಾಟಿನ್‌ಗೆ ತಣ್ಣಗಿರೋದು ಯಾವುದೂ ಆಗೋದಿಲ್ಲ. ನಲ್ಲಿ ನೀರು ಮುಟ್ಟಿದರೆ ಬೆರಳಿಗೆ ಕರೆಂಟ್ ಹೊಡೆದ ಹಾಗೆ, ತಣ್ಣೀರು ಕುಡಿದರೆ ಗಂಟಲು ಹಿಡಿದ ಹಾಗೆ. ಹಾಸನದ ಚಳಿಗಾಲದಲ್ಲಿ ಬಾಗಿಲ ಚಿಲಕ ತೆಗೆಯೋಕೂ ಕೈಗೆ ಬಟ್ಟೆ ಸುತ್ತಿಕೊಳ್ಳಬೇಕಿತ್ತು. ಡ್ರಿಪ್ ಹೆಚ್ಚಿದಂತೆ ಬೆರಳ ತುದಿ ಜೋಮು ಹಿಡಿದು ಸೂಜಿ ಕೈಯಲ್ಲಿದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ನನಗೆ ಸಾಯುವ ಭಯಕ್ಕಿಂತ ಇದರ ಭಯ ಜಾಸ್ತಿ ಆಯಿತು. ಹುಕ್ಸು, ಕಾಜಾ, ಹೆಮ್ಮಿಂಗ್ ಎಲ್ಲ ಪಕ್ಕದ ಬೀದಿಯ ಹುಡುಗಿ ಮಾಡಿಕೊಟ್ಟಳು. ನಾನು ಕಟಿಂಗ್ ಮಾತ್ರ ಮಾಡಿದೆ. ಅಂಗಡಿ ಮುಚ್ಚಲಿಲ್ಲ.

"ಎಲ್ಲ ಸರಿಹೋಗುತ್ತೆ" ಅಂತ ಮನೆಯವರು ದಿನಾ ಹೇಳುತ್ತಿದ್ದರು. ನಾನು ನಂಬಿದ್ದು ಅರಕಲಗೂಡಿನ ಒಬ್ಬ ರಿಟೈರ್ಡ್ ಮೇಷ್ಟ್ರನ್ನ. ಅವರಿಗೆ ನನಗಿಂತ ಮೊದಲೇ ಇದೇ ಔಷಧಿ ಆಗಿತ್ತು. "ಕೈ ನಿಧಾನಕ್ಕೆ ಬಂತು ತಾಯಿ. ಕಾಲು ಇನ್ನೂ ಪೂರ್ತಿ ಬಂದಿಲ್ಲ, ಚಪ್ಪಲಿ ಬಿಟ್ಟು ಹೋದರೆ ಗೊತ್ತಾಗಲ್ಲ. ಜೋಮು ಜಾಸ್ತಿ ಆದರೆ ಡಾಕ್ಟರಿಗೆ ಹೇಳು, ಡೋಸ್ ಇಳಿಸ್ತಾರೆ" ಅಂದರು. ಹೇಳಿದೆ, ಇಳಿಸಿದರು. ಪೂರ್ತಿ ವಾಸಿಯಾಗಿದೆ ಅಂತ ಅವರು ಅಂದಿದ್ದರೆ ನಾನು ನಂಬುತ್ತಿರಲಿಲ್ಲವೇನೋ.

ರಾತ್ರಿ ಮಾತ್ರ ಯಾರಿಗೂ ಫೋನ್ ಮಾಡೋಕಾಗೋದಿಲ್ಲ ಅಲ್ವಾ? ಎರಡು ಗಂಟೆಗೆ ಎಚ್ಚರ ಆದರೆ ಬೆಳಗಿನವರೆಗೂ ಸೂರು ನೋಡುತ್ತಾ ಮಲಗಿರುತ್ತಿದ್ದೆ. ಟೆಲಿ ಮಾನಸ್ ಅಂತ ಮನಸ್ಸಿನ ಕಷ್ಟ ಹೇಳಿಕೊಳ್ಳೋಕೆ ಸರ್ಕಾರದ ಸಹಾಯವಾಣಿ ಇದೆ, ನಂಬರು 14416. 2022ರಲ್ಲಿ ಶುರುವಾಗಿದ್ದು, ದಿನದ ಇಪ್ಪತ್ನಾಲ್ಕು ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಗುರುತು ಪರಿಚಯ ಇಲ್ಲದವರ ಹತ್ತಿರ ಅಳೋದು ಸುಲಭ. ಮನೆಯವರ ಮುಂದೆ ಅತ್ತರೆ ಅವರನ್ನು ನಾವೇ ಸಮಾಧಾನ ಮಾಡಬೇಕಾಗುತ್ತೆ.

ಕೀಮೋ ಮುಗಿದು, ಸ್ಕ್ಯಾನ್ ಸರಿ ಇದೆ ಅಂದ ಮೇಲೆ ಕರುಳು ಜೋಡಿಸಿದರು. ಬ್ಯಾಗ್ ಹೋಯಿತು ಅಂತ ಮನೆಯಲ್ಲಿ ಪಾಯಸ ಮಾಡಿದರು. ಅಕ್ಕ ಮಾತ್ರ ಫೋನಿನಲ್ಲಿ, "ಇನ್ನ ಸ್ವಲ್ಪ ದಿನ ಬಚ್ಚಲಮನೆ ಪಕ್ಕದಲ್ಲೇ ಹಾಸಿಗೆ ಹಾಕ್ಕೊ" ಅಂದರು. ಅವರು ಹೇಳಿದ ಹಾಗೇ ಆಯಿತು. ದಿನಕ್ಕೆ ಎಷ್ಟು ಸಲ ಓಡಿದೆನೋ ಲೆಕ್ಕ ಇಲ್ಲ. ಮೊದಲೇ ಗೊತ್ತಿದ್ದರಿಂದ ಗಾಬರಿಯಾಗಲಿಲ್ಲ. ಮೆತ್ತಗೆ ಬೆಂದ ಅನ್ನ, ಮಜ್ಜಿಗೆ, ಬಾಳೆಹಣ್ಣು, ಒರೆಸಿಕೊಳ್ಳದೆ ನೀರಲ್ಲಿ ತೊಳೆದು ಕೊಬ್ಬರಿ ಎಣ್ಣೆ. ನಿಧಾನಕ್ಕೆ ಹಿಡಿತ ಬಂತು. ಈಗಲೂ ಕೆಲವು ತಿಂಗಳಿಗೊಮ್ಮೆ ಕ್ಯಾನ್ಸರ್ ಮತ್ತೆ ಬಂತಾ ಅಂತ ನೋಡೋಕೆ ಸಿಇಎ ಅನ್ನುವ ರಕ್ತಪರೀಕ್ಷೆಗೆ ಹೋಗಬೇಕು. ಆ ವಾರ ನನ್ನ ಹತ್ತಿರ ಯಾರೂ ಜಾಸ್ತಿ ಮಾತಾಡೋದಿಲ್ಲ, ಮಾತಾಡದಿರುವುದೇ ಒಳ್ಳೆಯದು.

ಇನ್ನು ನನ್ನ ತಮ್ಮನ ವಿಷಯ. ಒಡಹುಟ್ಟಿದವರಿಗೆ ಈ ಕ್ಯಾನ್ಸರ್ ಬಂದಿದ್ದರೆ ಉಳಿದವರು ನಲವತ್ತಕ್ಕೆ ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಬಿಟ್ಟು ದೊಡ್ಡ ಕರುಳನ್ನು ನೋಡುವ ಪರೀಕ್ಷೆ, ಮಾಡಿಸಿಕೊಳ್ಳಬೇಕು, ಇಲ್ಲವೇ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲು. ಯಾವುದು ಮೊದಲೋ ಅದು. ತಮ್ಮನಿಗೆ ನಲವತ್ತಾರು. ಡಾಕ್ಟರು ಹೇಳಿದರು, ಭಾವ ಹೇಳಿದರು, ಹಿಂದಿನಿಂದ ಪೈಪ್ ಹಾಕ್ತಾರಂತೆ ಅಂತ ನಾಚಿಕೊಂಡು ತಪ್ಪಿಸಿಕೊಳ್ಳುತ್ತಲೇ ಇದ್ದ. ಒಂದು ಭಾನುವಾರ ಊಟಕ್ಕೆ ಕೂತಾಗ ಅವನ ಹೆಂಡತಿ ಮಕ್ಕಳ ಎದುರೇ ನನ್ನ ಕಥೆಯನ್ನೆಲ್ಲ ಬಿಡಿಸಿ ಹೇಳಿದೆ. ಬ್ಯಾಗ್ ಸೋರಿದ್ದು, ಬಸ್ಸಿನಲ್ಲಿ ಆಗಿದ್ದು, ಎಲ್ಲ. "ಅಕ್ಕಾ, ಊಟ ಮಾಡ್ತಿದ್ದೀವಿ" ಅಂದ. "ಕರುಳು ಖಾಲಿಯಾಗೋಕೆ ಪುಡಿ ಕಲಸಿದ ನೀರು ಕುಡಿದು ಒಂದು ರಾತ್ರಿ ಓಡಾಡ್ತೀಯ ಅಷ್ಟೆ ಕಣೋ, ನಾನು ಓಡಾಡಿದ್ದು ನೋಡಿಲ್ವಾ?" ಅಂದೆ.

ಹೋದ. ಕರುಳಿನ ಒಳಗೋಡೆಯಲ್ಲಿ ಒಂದು ಸಣ್ಣ ಗಂಟು, ಪಾಲಿಪ್ ಅಂತಾರೆ, ಸಿಕ್ಕಿತು, ಅಲ್ಲೇ ತೆಗೆದರು. ಪರೀಕ್ಷೆಗೆ ಕಳಿಸಿದ್ದರಲ್ಲಿ ಕ್ಯಾನ್ಸರ್ ಇರಲಿಲ್ಲ. ಹಾಗೇ ಬಿಟ್ಟಿದ್ದರೆ ಮುಂದೆ ಆಗಬಹುದಿತ್ತು ಅಂದರಂತೆ. ಈಗ ಅವನು ಅಂಗಡಿಗೆ ಬರುವ ಗೆಳೆಯರಿಗೆಲ್ಲ ಆ ಪುಡಿ ಎಷ್ಟು ಕೆಟ್ಟ ರುಚಿ ಅಂತ ವರ್ಣಿಸುತ್ತಿರುತ್ತಾನೆ.