ಎರಡು ಸಾವಿರದ ಕಂತು ಯಾವ ಮಳೆಗೆ ಬರುತ್ತದೆ

ಒಂದು ಚೀಲ ಡಿಎಪಿ ಗೊಬ್ಬರಕ್ಕೆ 1,350 ರೂಪಾಯಿ. ಯೂರಿಯಾ ಚೀಲಕ್ಕೆ 266 ರೂಪಾಯಿ 50 ಪೈಸೆ. ಹಾವೇರಿ ಜಿಲ್ಲೆಯ ನಮ್ಮ ಎರಡೂವರೆ ಎಕರೆ ಒಣಬೇಸಾಯದ ಹೊಲದ ಗೋವಿನಜೋಳಕ್ಕೆ ಒಂದು ಮುಂಗಾರಿಗೆ ಮೂರು ಚೀಲ ಡಿಎಪಿ, ಐದು ಚೀಲ ಯೂರಿಯಾ ಬೇಕು. ಕೂಡಿಸಿದರೆ 5,382 ರೂಪಾಯಿ 50 ಪೈಸೆ. ಕೇಂದ್ರ ಸರ್ಕಾರ ರೈತರ ಖಾತೆಗೆ ನೇರವಾಗಿ ಹಾಕುವ ಪಿಎಂ ಕಿಸಾನ್‌ನಲ್ಲಿ ವರ್ಷಕ್ಕೆ ಬರುವ 6,000ಕ್ಕೂ ಇದಕ್ಕೂ ಹೆಚ್ಚುಕಮ್ಮಿ ಸರಿಹೋಗುತ್ತದೆ. ಬೀಜ, ಟ್ರ್ಯಾಕ್ಟರ್ ಬಾಡಿಗೆ, ಕಳೆ ತೆಗೆಯುವ ಕೂಲಿ, ರಾಶಿ ಮಾಡುವ ಖರ್ಚು ಎಲ್ಲ ನಮ್ಮ ಕೈಯಿಂದಲೇ. ‘ಸರ್ಕಾರ ಪುಕ್ಕಟೆ ರೊಕ್ಕ ಕೊಟ್ಟು ರೈತರನ್ನ ಹಾಳು ಮಾಡೈತಿ’ ಎಂದು ಬಸ್ಸಿನಲ್ಲಿ ಜೋರಾಗಿ ಮಾತಾಡುವವರಿಗೆ ಈ ಲೆಕ್ಕ ಒಪ್ಪಿಸಿ ನೋಡಿದ್ದೇನೆ. ಮಾತು ಬೇರೆ ಕಡೆ ತಿರುಗಿಸುತ್ತಾರೆ.

ಹಾಗಂತ ಈ ದುಡ್ಡಿನಿಂದ ಏನೂ ಆಗುವುದಿಲ್ಲ ಎನ್ನುವವರ ಜೊತೆಗೂ ನಾನಿಲ್ಲ. ನಮ್ಮ ಮನೆಯಲ್ಲಿ ಆಗಿದೆ. ಅದು ಯಾವಾಗ ಬಂತು, ಯಾರ ಖಾತೆಗೆ ಬಂತು ಎನ್ನುವುದರ ಮೇಲೆ ಆಗಿದೆ.

ಯೋಜನೆ ಶುರುವಾದದ್ದು 2019ರ ಫೆಬ್ರುವರಿಯಲ್ಲಿ. ಏಪ್ರಿಲ್‌ನಿಂದ ಜುಲೈ, ಆಗಸ್ಟ್‌ನಿಂದ ನವೆಂಬರ್, ಡಿಸೆಂಬರ್‌ನಿಂದ ಮಾರ್ಚ್, ಹೀಗೆ ನಾಲ್ಕು ನಾಲ್ಕು ತಿಂಗಳಿಗೆ ಎರಡೆರಡು ಸಾವಿರ. ಕಾಗದದ ಮೇಲೆ ಮೊದಲ ಕಂತು ಬಿತ್ತನೆಗೆ ಸರಿಯಾಗಿ ಬರಬೇಕು. ಬಂದದ್ದು ಹೇಗೆ? 2022ರಲ್ಲಿ ಮೇ 31ಕ್ಕೆ, ರೋಹಿಣಿ ಮಳೆಯಲ್ಲಿ. 2023ರಲ್ಲಿ ಜುಲೈ 27ಕ್ಕೆ, ಪುಷ್ಯದಲ್ಲಿ. 2024ರಲ್ಲಿ ಜೂನ್ 18ಕ್ಕೆ, ಮೃಗಶಿರದಲ್ಲಿ. 2025ರಲ್ಲಿ ಆಗಸ್ಟ್ 2, ಅಂದರೆ ಜುಲೈ ಕಂತಿನ ಗಡುವೇ ಮುಗಿದ ಮೇಲೆ. ಹೊಲ ಹದಕ್ಕೆ ಬಂದಾಗ ಡಿಎಪಿ ಬೀಜದ ಜೊತೆಗೇ ಮಣ್ಣಿಗೆ ಬೀಳಬೇಕು. ಪ್ರಧಾನಿ ಗುಂಡಿ ಒತ್ತುವವರೆಗೆ ಮೃಗಶಿರ ಕಾಯುವುದಿಲ್ಲ.

ಕಾಯಲಾಗದವರು ಹೋಗುವುದು ಉದ್ರಿ ಕೊಡುವ ಅಂಗಡಿಗೆ. ನಾವೂ ವರ್ಷಗಟ್ಟಲೆ ಹೋದೆವು. ಅಲ್ಲಿ ಚೀಲಕ್ಕೆ ನೂರು ರೂಪಾಯಿ ಹೆಚ್ಚಿಗೆ ಬರೆಯುತ್ತಿದ್ದರು, ಯೂರಿಯಾ ಬೇಕಂದರೆ ಜೊತೆಗೆ ನಾವು ಕೇಳದ ಯಾವುದೋ ಬಾಟಲಿ ಹಚ್ಚುತ್ತಿದ್ದರು. ಅದನ್ನಾದರೂ ಸಹಿಸಬಹುದು. ಸುಗ್ಗಿಯಲ್ಲಿ ಮಾಲು ಅದೇ ಅಂಗಡಿಗೆ ಹಾಕಬೇಕು, ಅದು ಸಹಿಸಲಾಗದ್ದು. ಚೀಲದೊಳಗೆ ಕೈ ಹಾಕಿ ಒಂದು ಹಿಡಿ ಕಾಳು ತೆಗೆದು ತೇವ ನೋಡುವ ಮಷಿನ್‌ಗೆ ಸುರಿಯುತ್ತಾರೆ. ನೂರಕ್ಕೆ ಹದಿನಾಲ್ಕು ಇರಬೇಕಾದದ್ದು ಹದಿನೇಳು ಎನ್ನುತ್ತದೆ. ‘ಇನ್ನೊಂದು ಚೀಲದ್ದು ಹಾಕ್ರಿ’ ಎಂದರೆ, ‘ಬ್ಯಾಡಾಗಿದ್ರ ಹೇರಿಕೊಂಡು ಹೋಗ್ರಿ, ನಿಮ್ಮ ಲೆಕ್ಕ ಚುಕ್ತಾ ಮಾಡಿ ಹೋಗ್ರಿ’. ಲೆಕ್ಕದ ಪುಸ್ತಕ ಅವರ ಮೇಜಿನ ಮೇಲೆ ಇದ್ದಾಗ ಬಾಯಿ ಎಲ್ಲಿಂದ ಬರಬೇಕು?

ನಾವು ಮಾಡಿದ ಬದಲಾವಣೆ ಹೇಳಿದರೆ ಬಹಳ ಸಣ್ಣದು. ಹಿಂಗಾರಿನ ಕಂತು, ಬೇಸಿಗೆಯ ಕಂತು ಎರಡನ್ನೂ ಮುಟ್ಟದೆ ಇಟ್ಟೆವು. ಎರಡೂ ಸೇರಿ 4,000. ಮೂರು ಚೀಲ ಡಿಎಪಿಗೆ 4,050. ಮೇ ತಿಂಗಳಲ್ಲಿ, ಇನ್ನೂ ಗೊಬ್ಬರದ ಗಲಾಟೆ ಶುರುವಾಗುವ ಮುಂಚೆ, ಸೊಸೈಟಿಯಲ್ಲಿ ರೊಕ್ಕ ಎಣಿಸಿ ಗೊಬ್ಬರ ತಂದು ಪಡಸಾಲೆಯಲ್ಲಿ ಒಟ್ಟಿದೆವು. ಮುಂಗಾರಿನ ಕಂತು ಯಾವಾಗಾದರೂ ಬರಲಿ, ಅದು ಮೇಲುಗೊಬ್ಬರದ ಯೂರಿಯಾಕ್ಕೆ. ಬಿತ್ತಿ ತಿಂಗಳಾದ ಮೇಲೆ ಒಂದು ಸಲ, ಸೂಲಂಗಿ, ಅಂದರೆ ಗಿಡದ ತುದಿಯ ಹೂ, ಬರುವ ಹೊತ್ತಿಗೆ ಇನ್ನೊಂದು ಸಲ ಹಾಕುವುದರಿಂದ ಕಂತು ತಡವಾದರೂ ಒಂದಕ್ಕಾದರೂ ಒದಗುತ್ತದೆ. 2025ರ ಜುಲೈನಲ್ಲಿ ರೊಕ್ಕ ಹಿಡಿದು ನಿಂತರೂ ಯೂರಿಯಾ ಸಿಗಲಿಲ್ಲ, ಅದು ಬೇರೆ ಕಥೆ. ಮಾಲೇ ಇಲ್ಲದ ಕಡೆ ಖಾತೆಗೆ ಎಷ್ಟು ಹಾಕಿದರೇನು.

‘ಮುಟ್ಟದೆ ಇಟ್ಟೆವು’ ಎಂದು ಬರೆಯುವುದು ಸುಲಭ. ನವೆಂಬರ್ ಕಂತು ದೀಪಾವಳಿ, ರಾಶಿ ಕೂಲಿ, ಮಕ್ಕಳ ಸ್ವೆಟರ್‌ಗಳ ನಡುವೆ ಬಂದು ಬೀಳುತ್ತದೆ. ಅದಕ್ಕೇ ಹಣವನ್ನು ಹೆಂಡತಿಯ ಹೆಸರಿನ ಅಂಚೆ ಉಳಿತಾಯ ಖಾತೆಗೆ ಹಾಕಿದೆವು, ಬೇಕಂತಲೇ ಎಟಿಎಂ ಕಾರ್ಡ್ ತೆಗೆದುಕೊಳ್ಳಲಿಲ್ಲ. ತೆಗೆಯಬೇಕೆಂದರೆ ಅವಳೇ ಹೋಗಿ ಸಹಿ ಮಾಡಬೇಕು, ಅವಳು ಹೋಗುವುದಿಲ್ಲ.

ಉದ್ರಿ ಇಲ್ಲದ ಮೊದಲ ಸುಗ್ಗಿಯಲ್ಲಿ ಕಾಳನ್ನು ಕಣದಲ್ಲಿ ಹರಡಿ, ಹಲ್ಲಿಗೆ ಹಾಕಿದರೆ ಕಟ್ ಎನ್ನುವವರೆಗೆ ಒಣಗಿಸಿ, ರಾಣೆಬೆನ್ನೂರಿನ ಎಪಿಎಂಸಿಗೆ ಒಯ್ದೆ. ತೇವ ಹದಿನಾಲ್ಕರೊಳಗೇ ಬಂತು. ಧಾರಣೆ ಸರಿ ಬರಲಿಲ್ಲವೆಂದರೆ ಇನ್ನೊಂದು ಅಂಗಡಿಯಲ್ಲಿ ಕೇಳಿ ಬರುವ ಧೈರ್ಯವಿತ್ತು. ಸಿಕ್ಕ ಲಾಭ ದೊಡ್ಡದೇನಲ್ಲ, ಆದರೆ ಆ 4,000ಕ್ಕೆ ಬಡ್ಡಿ ಹಿಡಿದು ನೋಡಿದರೆ ಯಾವ ಬ್ಯಾಂಕೂ ಅಷ್ಟು ಕೊಡುವುದಿಲ್ಲ. ಜೊತೆಗೆ ಇದರ ಮಿತಿಯೂ ಗೊತ್ತಿರಬೇಕು. ನಮಗೆ ಒಳ್ಳೆಯ ವರ್ಷದಲ್ಲಿ ಐವತ್ತು ಕ್ವಿಂಟಲ್ ಆಗುತ್ತದೆ. ಕ್ವಿಂಟಲ್‌ಗೆ ಧಾರಣೆ 120 ರೂಪಾಯಿಯಷ್ಟು ಇಳಿದರೆ ಇಡೀ ವರ್ಷದ ಪಿಎಂ ಕಿಸಾನ್ ಹಣ ಅಲ್ಲೇ ಹೋಯಿತು. 2025ರ ಸುಗ್ಗಿಯಲ್ಲಿ ಬೆಂಬಲ ಬೆಲೆ 2,400 ಎಂದು ಘೋಷಣೆಯಾಗಿತ್ತು, ಪೇಟೆಯಲ್ಲಿ ಕೇಳಿದ್ದು ಅದಕ್ಕಿಂತ ನೂರಾರು ರೂಪಾಯಿ ಕೆಳಗೆ.

ಖಾತೆಯ ವಿಷಯ. ನೇರ ವರ್ಗಾವಣೆಯ ಹಣ ನಾವು ಅರ್ಜಿಯಲ್ಲಿ ಬರೆದ ಖಾತೆಗೇ ಬರುತ್ತದೆಂದು ಬಹಳ ಜನ ತಿಳಿದಿದ್ದಾರೆ. ಆಧಾರ್ ಕೊನೆಗೆ ಯಾವ ಖಾತೆಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ನಮ್ಮದು ಬೆಳೆಸಾಲ ಇದ್ದ ಬ್ಯಾಂಕಿಗೇ ಜೋಡಣೆಯಾಗಿತ್ತು. 2023ರ ಬರಕ್ಕೆ ಒಣಬೇಸಾಯಕ್ಕೆ ಹೆಕ್ಟೇರಿಗೆ 8,500 ಪರಿಹಾರ. ಮೊದಲು ರಾಜ್ಯ ಸರ್ಕಾರದಿಂದ 2,000 ಬಂತು, ಉಳಿದ 6,500 ಮರುವರ್ಷದ ಮೇ ತಿಂಗಳಲ್ಲಿ. ಮೊಬೈಲ್‌ಗೆ ಮೆಸೇಜು ಬಂತು, ತೆಗೆಯಲು ಹೋದರೆ ‘ಹೋಲ್ಡ್ ಆಗೇತಿ, ಸಾಲ ಬಾಕಿ ಐತಿ’ ಎಂದರು. ಪರಿಹಾರವನ್ನು ಸಾಲಕ್ಕೆ ಜಮಾ ಮಾಡಿಕೊಳ್ಳಬೇಡಿ ಎಂದು ಸರ್ಕಾರ ಬ್ಯಾಂಕುಗಳಿಗೆ ತಾಕೀತು ಮಾಡಿದ ಮೇಲೆ ಬಿಟ್ಟರು. ಆಮೇಲೆ ನಾನು ಮಾಡಿದ ಮೊದಲ ಕೆಲಸ, ಆಧಾರ್ ಜೋಡಣೆಯನ್ನು ಸಾಲವಿಲ್ಲದ ಖಾತೆಗೆ ಬದಲಾಯಿಸಿದ್ದು. ಸಣ್ಣ ಹಿಡುವಳಿದಾರರಿಗೆ ನಾನು ಹೇಳುವ ಮಾತಿದ್ದರೆ ಇದೊಂದೇ.

ಮನೆಯಲ್ಲಿ ಇನ್ನೊಂದು ನಗದು ಬರುತ್ತದೆ, ಅವ್ವನಿಗೆ. ರಾಜ್ಯ ಸರ್ಕಾರದ ಗೃಹಲಕ್ಷ್ಮಿ 2023ರ ಆಗಸ್ಟ್ 30ಕ್ಕೆ ಶುರುವಾಯಿತು, ತಿಂಗಳಿಗೆ 2,000. ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದು ಯಾರ ಹೆಸರಿದೆಯೋ ಅವರಿಗೇ. ನಮ್ಮ ಮನೆಯ ಯಜಮಾನಿ ಅವ್ವ, ದುಡಿಯುವವಳು ಸೊಸೆ. ಇದೇ ಕಾರಣಕ್ಕೆ ಕಾರ್ಡು ಬೇರೆ ಮಾಡಿಕೊಂಡ ಮನೆಗಳು ನಮ್ಮ ಓಣಿಯಲ್ಲೇ ಇವೆ. ಮೊದಮೊದಲು ನಮ್ಮಲ್ಲೂ ಒಲೆಯ ಮುಂದೆ ಮಾತು ಕಡಿಮೆಯಾಗಿತ್ತು. ಒಂದು ದಿನ ಅವ್ವನೇ, ‘ನನಗ ಗುಳಿಗಿಗೆ ಐನೂರು ಬಿಟ್ರ ಸಾಕವಾ, ಉಳಿದದ್ದು ನೀನು ನೋಡ್ಕೋ’ ಎಂದು ಪಾಸ್‌ಬುಕ್ಕನ್ನು ಸೊಸೆಯ ಮುಂದಿಟ್ಟಳು. ಅಲ್ಲಿಂದ ಅಡುಗೆ ಎಣ್ಣೆ, ನೋಟ್‌ಬುಕ್ಕು, ಊರಿಗೆ ಹೋಗಿಬರುವ ಖರ್ಚಿಗೆ ನನ್ನ ಜೇಬು ಕೇಳುವುದು ನಿಂತಿತು. ಪಿಎಂ ಕಿಸಾನ್ ಕಂತನ್ನು ಗೊಬ್ಬರಕ್ಕೆಂದು ಎತ್ತಿಡಲು ಸಾಧ್ಯವಾದದ್ದೇ ಈ ಹಣ ಅಡುಗೆಮನೆಯನ್ನು ಹೊತ್ತಿದ್ದರಿಂದ. ಎರಡು ಮೂರು ತಿಂಗಳು ತಡವಾಗಿ ಒಟ್ಟಿಗೆ ಬಂದಾಗ ಆ ಹಣ ಬೇರೆಯೇ ದಾರಿ ಹಿಡಿಯುತ್ತದೆ. ಅಂಥದ್ದೊಂದು ಸಲ ಆಡಿನ ಮರಿ ಬಂತು. ಪ್ರತಿ ತಿಂಗಳು ಬಂದಿದ್ದರೆ ಅದು ಎಣ್ಣೆಯಾಗಿರುತ್ತಿತ್ತು. ಆಡು ಸಿಕ್ಕಿತೆಂದು ತಡ ಮಾಡುವುದನ್ನು ಹೊಗಳಲಾರೆ, ಅಷ್ಟು ತಿಂಗಳು ಎಣ್ಣೆ ಉದ್ರಿಯಲ್ಲಿ ಬಂದಿತ್ತು.

ಇನ್ನು ಲಾವಣಿ, ಅಂದರೆ ಗೇಣಿ, ಹೊಲ. ನಮ್ಮ ಹೊಲಕ್ಕೆ ಹೊಂದಿಕೊಂಡ ಎರಡು ಎಕರೆಯನ್ನು ಲಾವಣಿಗೆ ಮಾಡುತ್ತೇನೆ. ಪಹಣಿಯಲ್ಲಿ ಮಾಲೀಕರ ಹೆಸರು, ಹಾಗಾಗಿ ಆ ಹೊಲದ ಲೆಕ್ಕದ ಕಂತು ಅವರಿಗೆ, ಬರ ಪರಿಹಾರವೂ ಅವರಿಗೆ. ಅವರು ಹುಬ್ಬಳ್ಳಿಯಲ್ಲಿದ್ದಾರೆ. ಭೂಸುಧಾರಣೆ ಕಾನೂನಿನ ಹೆದರಿಕೆಗೆ ಯಾರೂ ಕಾಗದ ಮಾಡಿಕೊಡುವುದಿಲ್ಲ, ಎಲ್ಲ ಬಾಯಿಮಾತು. ಬರದ ವರ್ಷ ಬೀಜ, ಗೊಬ್ಬರ, ಗಳೆ ಎಲ್ಲ ಕಳೆದುಕೊಂಡವನು ನಾನು, ಪರಿಹಾರ ಬಿದ್ದದ್ದು ಅವರ ಖಾತೆಗೆ. ಯಾವ ಕಚೇರಿಗೆ ಹೋದರೂ ಇದಕ್ಕೆ ಅರ್ಜಿಯ ನಮೂನೆಯೇ ಇಲ್ಲ. ಯುಗಾದಿಗೆ ಲಾವಣಿ ಮಾತಾಡಲು ಹೋದಾಗ ನೇರವಾಗಿಯೇ ಕೇಳಿದೆ: ‘ಸಾವ್ಕಾರ್ರ, ಹೊಲ ಬಿತ್ತಿದಾಂವ ನಾನು. ಪರಿಹಾರದಾಗ ಅರ್ಧ ಲಾವಣಿಗೆ ಮುರ್ಕೊಳ್ರಿ’. ಅವರು ಸ್ವಲ್ಪ ಹೊತ್ತು ಮೊಬೈಲ್ ನೋಡಿ, ಮೂರನೇ ಒಂದು ಭಾಗಕ್ಕೆ ಒಪ್ಪಿದರು. ಈಗ ಪ್ರತಿ ಯುಗಾದಿಗೆ ಲಾವಣಿ ಕುದುರಿಸುವಾಗ ಆ ಮಾತನ್ನು ನಾನೇ ಮೊದಲು ಎತ್ತುತ್ತೇನೆ.